ಸೀರೆ ಬೀರುವಿನೊಳಗೆ ಇಂಟರ್ನೆಟ್ಟು

ಮಲಗುವ ಕೋಣೆಗೆ ಇಂಟರ್ನೆಟ್ ವೈರು ಎಳೆಸಬೇಕು ಅಂತ ನಾನು ಹೇಳಿದ ದಿನ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ, ಹಾಲ್‌ಗೆ ಎಂತ ರೋಗ ಅಂತ. ಹಾಲ್‌ಗೆ ರೋಗ ಏನಿಲ್ಲ, ಅಲ್ಲಿ ಟಿ.ವಿ. ಇದೆ, ಅದರ ಮುಂದೆ ಅತ್ತೆ ಇರ್ತಾರೆ. ಧಾರಾವಾಹಿಯ ಸೊಸೆಯಂದಿರಿಗೆ ಬುದ್ಧಿ ಹೇಳುವ ಅವರ ದನಿ ಪಕ್ಕದ ತೋಟದ ಕೊನೇ ಸಾಲಿನವರೆಗೂ ಕೇಳತ್ತೆ. ಅಡುಗೆಮನೆಯಲ್ಲಿ ಮಿಕ್ಸಿ. ಒಳಗಿನಿಂದ ಚಿಲಕ ಬೀಳುವ ಬಾಗಿಲು ನಮ್ಮ ಮನೆಯಲ್ಲಿ ಇರುವುದೇ ಎರಡು, ಒಂದು ಬಚ್ಚಲಿನದು, ಇನ್ನೊಂದು ಮಲಗುವ ಕೋಣೆಯದು. ಬಚ್ಚಲಲ್ಲಿ ಕೂತು ಪಾಠ ಮಾಡಕ್ಕಾಗಲ್ಲ ಅತ್ತೆ ಅಂದೆ. ಅವರು ಒಂದು ಕ್ಷಣ ಅದನ್ನೂ ಯೋಚನೆ ಮಾಡಿದರು ಅಂತ ನನಗೆ ಈಗಲೂ ಅನುಮಾನ.

ಪಾಠ ಅಂದರೆ ಆನ್‌ಲೈನ್ ಪಾಠ. ನಮ್ಮ ಮನೆ ಬಣಕಲ್ ಹತ್ತಿರ, ಹೈವೇಯಿಂದ ಸ್ವಲ್ಪ ಒಳಗೆ. ಹೈವೇ ಮೇಲೆ ನಮ್ಮ ಯಜಮಾನರ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ನಾನು ಬಸ್ಸಲ್ಲಿ ಹೋಗಿಬಂದು ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷ ಗಣಿತ ಕಲಿಸಿದೆ. ಹೋದ ವರ್ಷ ದೊಡ್ಡ ಎಸ್ಟೇಟಿನವರ ಮಗನೊಬ್ಬ ಪರೀಕ್ಷೆಯಲ್ಲಿ ಲೆಕ್ಕ ಬಿಡಿಸುವ ಬದಲು ಒಂದು ಜೀಪಿನ ಚಿತ್ರ ಬಿಡಿಸಿಟ್ಟಿದ್ದ. ಸೊನ್ನೆ ಕೊಟ್ಟೆ. ಹೆಡ್ಮಾಸ್ಟರು ಅವನ ಅಪ್ಪ ಅಮ್ಮನ ಎದುರೇ ನನ್ನನ್ನು ನಿಲ್ಲಿಸಿ ಬೈದರು, ಪಾಸ್ ಮಾಡಿ ಕಳಿಸಿ ಅಂದರು. ಜೀಪು ಚೆನ್ನಾಗಿಯೇ ಇದೆ, ಡ್ರಾಯಿಂಗ್ ಮೇಷ್ಟ್ರ ಹತ್ರ ಮಾರ್ಕ್ಸ್ ಹಾಕಿಸಿ ಅಂತ ಹೇಳಿ ಚೀಲ ಎತ್ತಿಕೊಂಡು ಬಂದುಬಿಟ್ಟೆ. ನಾನು ಗೇಟು ದಾಟುವ ಮುಂಚೆಯೇ ಅವರು ಸ್ಟಾಫ್ ರೂಮಲ್ಲಿ ಘೋಷಿಸಿದರಂತೆ, ಜೂನ್‌ಗೆ ತಾನಾಗೇ ಬಂದು ಕಾಲು ಹಿಡೀತಾಳೆ ನೋಡ್ತಿರಿ ಅಂತ. ಆ ಮಾತು ಮೂರು ಬಾಯಿ ದಾಟಿ ನನ್ನ ಕಿವಿಗೆ ಬಿತ್ತು.

ಕಾಲು ಹಿಡಿಯುವುದು ಹಾಳಾಗಲಿ, ಆಮೇಲೆ ಆ ಶಾಲೆ ಮುಂದೆ ಬಸ್ಸು ಹೋದರೂ ನಾನು ಆಚೆ ಮುಖ ತಿರುಗಿಸುತ್ತಿದ್ದೆ. ಹೀಗಿರುವಾಗ ಬೆಂಗಳೂರಿನ ಒಂದು ಟ್ಯೂಷನ್ ಕಂಪನಿಯವರು ಮನೆಯಿಂದಲೇ ಗಣಿತ ಕಲಿಸುವವರು ಬೇಕು ಅಂದರು. ಅರ್ಜಿ ಹಾಕಿದೆ. ಮೊದಲ ಸುತ್ತು ಫೋನಲ್ಲೇ ಮುಗೀತು. ಎರಡನೆಯದು ಡೆಮೊ ಕ್ಲಾಸು, ವಿಡಿಯೊದಲ್ಲಿ. ಅವರ ಷರತ್ತು ಒಂದೇ, ಮನೆಗೆ ವೈರಿನ ಇಂಟರ್ನೆಟ್ ಇರಬೇಕು, ಮೊಬೈಲಿನದು ನಡೆಯಲ್ಲ. ನಮ್ಮ ಮನೆಯೊಳಗೆ ಮೊಬೈಲಿನದೂ ಇಲ್ಲ ಅನ್ನೋದು ಬೇರೆ ಮಾತು. ಅಟ್ಟದ ಕಿಟಕಿ ಹತ್ತಿರ ನಿಂತರೆ ಒಂದು ಕಡ್ಡಿ ಸಿಗ್ನಲ್ ಬರತ್ತೆ, ಅಷ್ಟೆ. ವೈರು ಬಂದರೆ ಕೆಲಸ, ಇಲ್ಲದಿದ್ದರೆ ಜೂನ್‌ನಲ್ಲಿ ಆ ಹೆಡ್ಮಾಸ್ಟರೇ ಗತಿ. ನನ್ನ ಪರಿಸ್ಥಿತಿ ಇಷ್ಟು ಸರಳವಾಗಿತ್ತು.

ಕೇಬಲಿನವರು ಒಂದು ಭಾನುವಾರ ಬಂದರು. ನಮ್ಮ ಕಡೆ ಟಿ.ವಿ. ಕೇಬಲ್ ಎಳೆದು ಹೆಸರು ಮಾಡಿದ ಸಾಬರು, ಐವತ್ತು ದಾಟಿದ ಮನುಷ್ಯ, ಬಹಳ ಮರ್ಯಾದಸ್ಥರು. ರಸ್ತೆ ಕಂಬದಿಂದ ಪಕ್ಕದ ಎಸ್ಟೇಟಿನ ಸಿಲ್ವರ್ ಓಕ್ ಮರಗಳಿಗೆ ಕಟ್ಟುತ್ತ ಕಟ್ಟುತ್ತ ಕೇಬಲನ್ನು ನಮ್ಮ ಗೋಡೆವರೆಗೆ ತಂದರು. ಹೊರಗಿನ ಕೆಲಸಕ್ಕೆ ಒಂದು ಗಂಟೆ. ಒಳಗೆ ಬರುವುದಕ್ಕೆ ಅದಕ್ಕಿಂತ ಜಾಸ್ತಿ ಹಿಡೀತು, ಯಾಕೆಂದರೆ ಪರಗಂಡಸು ಮಲಗುವ ಕೋಣೆಗೆ ಬರ್ತಾನೆ ಅಂತ ಅತ್ತೆ ಹಗ್ಗದ ಮೇಲಿದ್ದ ಲಂಗಗಳನ್ನೆಲ್ಲ ಬಾಚಿ, ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿ, ಹೆಣ್ಣು ನೋಡಲು ಬರುವವರಿಗೆ ಮಾಡುವಷ್ಟು ತಯಾರಿ ಮಾಡಿದರು. ಆ ಪುಣ್ಯಾತ್ಮರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮಂಚದ ಕಡೆ ಬೆನ್ನು ಹಾಕಿ, ಕೊಟ್ಟ ಕಾಫಿಯನ್ನೂ ಗೋಡೆ ನೋಡಿಕೊಂಡೇ ಕುಡಿದರು.

ನಮ್ಮ ಗೋಡೆ ಎರಡಡಿ ದಪ್ಪ. ಅವರ ಡ್ರಿಲ್ಲು ಅರ್ಧಕ್ಕೇ ಕೈಯೆತ್ತಿತು. ಯಜಮಾನರು ಅಂಗಡಿಯಿಂದ ಉದ್ದದ ಕಬ್ಬಿಣದ ಸರಳು ತಂದು, ನಾನು ನೋಡ್ತೀನಿ ಬಿಡಿ ಅಂತ ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದರು. ಅಳತೆ ಗಿಳತೆ ಅವರ ಜಾಯಮಾನದಲ್ಲೇ ಇಲ್ಲ. ಅರ್ಧ ಗಂಟೆ ಬಡಿದರೂ ಒಳಗೆ ಎಲ್ಲೂ ತೂತು ಕಾಣಲಿಲ್ಲ. ಎಲ್ಲರೂ ಗೋಡೆ ಮುಟ್ಟಿ ಮುಟ್ಟಿ ನೋಡಿದೆವು. ಕೊನೆಗೆ ನನಗೆ ಹೊಳೆದು ಗೋಡೆ ಬೀರು ತೆಗೆದರೆ, ಸರಳು ನನ್ನ ಮದುವೆ ಸೀರೆಯೊಳಗೆ ನುಗ್ಗಿ ನಿಂತಿದೆ. ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಇನ್ನೊಂದು ತೂತು ಹೊಡೆಯುವ ಶಕ್ತಿ ಯಾರಿಗೂ ಇರಲಿಲ್ಲ, ಹಾಗಾಗಿ ಬೀರುವಿನ ಮೇಲಿನ ಹಲಗೆಯಲ್ಲೇ, ಸೀರೆ ಮತ್ತು ನುಸಿಗುಳಿಗೆಗಳ ನಡುವೆ ಇಂಟರ್ನೆಟ್ ಡಬ್ಬಿಯನ್ನು ಕೂರಿಸಿದರು.

ಹೋಗುವ ಮುಂಚೆ ಕೇಬಲಿನವರು ಡಬ್ಬಿಗೆ ಸಿಕ್ಕಿಸಿದ್ದ ಹಳದಿ ವೈರು ತೋರಿಸಿ ಎಚ್ಚರಿಕೆ ಹೇಳಿದರು. ಇದರೊಳಗೆ ತಾಮ್ರ ಇಲ್ಲ, ಕೂದಲಿನಷ್ಟು ಸಣ್ಣ ಗಾಜು ಇರೋದು, ಕರೆಂಟು ಹರಿಯಲ್ಲ, ಇದರಲ್ಲಿ ಸಿಡಿಲೂ ಬರಲ್ಲ. ಆದರೆ ಮಡಿಸಿದರೆ, ಜಗ್ಗಿದರೆ ಮುರೀತು ಅಂತಲೇ ಲೆಕ್ಕ. ನಾನು ಇದನ್ನು ಅತ್ತೆಗೆ ಎರಡೆರಡು ಸಲ ಹೇಳಿದೆ. ಅವರು ಹೂಂ ಹೂಂ ಅಂತ ತಲೆ ಆಡಿಸಿದರು. ಕೇಬಲಿನವರು ಹೋದ ಮೇಲೆ, ಗಾಜಿನ ವೈರಂತೆ, ಯಾರ ಕಿವಿಗೆ ಹೂವಿಡ್ತಾನೆ ಅಂತ ಗೊಣಗಿದ್ದು ನನಗೆ ಕೇಳಿಸಿತು.

ನಮ್ಮ ಕಡೆ ಮನೆಮನೆಗೂ ಒಂದು ರೂಢಿ ಇದೆ. ಮೊದಲ ಗುಡುಗಿಗೆ ವೈರು ಕೀಳುವುದು. ಟಿ.ವಿ., ಫ್ರಿಜ್ಜು, ಚಾರ್ಜರು, ಎಲ್ಲವೂ. ಸ್ವಿಚ್ ಆರಿಸಿದರೆ ಸಾಲದು, ಬುಡಸಮೇತ ಕಿತ್ತು ನೆಲದ ಮೇಲೆ ಹಾಕಬೇಕು. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ನಮ್ಮನೆ ಫೋನು ಸಿಡಿಲಿಗೆ ಢಮ್ ಅಂತ ಸಿಡಿದು ಗೋಡೆಯೆಲ್ಲ ಕಪ್ಪಾಗಿತ್ತಂತೆ. ಅವತ್ತಿನಿಂದ ಆ ಇಲಾಖೆ ಅತ್ತೆಯದು. ಮೋಡ ಕಟ್ಟಿದರೆ ಸಾಕು, ಸೆರಗು ಸಿಕ್ಕಿಸಿ ಕೋಣೆಕೋಣೆ ಸುತ್ತಿ ಬರ್ತಾರೆ.

ಅವರದು ಅಂತ ಇರುವ ಇನ್ನೊಂದು ಇಲಾಖೆ ಕಾಳುಮೆಣಸು. ಮನೆ ಹಿಂದಿನ ಮರಗಳಿಗೆ ಹಬ್ಬಿದ ಬಳ್ಳಿಗಳು ಮಾವ ಹೋದ ಮೇಲೆ ಅವರ ಪಾಲಿಗೆ ಬಂದದ್ದು. ಕುಯ್ಯುವುದು, ತುಳಿದು ಬಿಡಿಸುವುದು, ಕಣದಲ್ಲಿ ಒಣಗಿಸುವುದು, ಎಲ್ಲದರಲ್ಲೂ ಅವರ ಮಾತೇ ಕೊನೆ. ಕಣದಿಂದ ಒಂದು ಕಾಳು ಸಿಡಿದು ಗುಲಾಬಿ ಗಿಡದ ಬುಡಕ್ಕೆ ಬಿದ್ದರೂ ಬಗ್ಗಿ ಹೆಕ್ಕಿ ತಂದು ಹಾಕುತ್ತಿದ್ದರು. ಕೋಳಿ ಆ ಕಡೆ ತಿರುಗಿ ನೋಡಿದರೂ ಅದರ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಮಗನಿಗಿಂತ ಮೆಣಸಿನ ಮೇಲೆ ಪ್ರೀತಿ ಜಾಸ್ತಿ ಅಂತ ಯಜಮಾನರು ತಮಾಷೆ ಮಾಡುತ್ತಿದ್ದರು. ಸೊಸೆಯ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ.

ಡೆಮೊ ಕ್ಲಾಸು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಹನ್ನೊಂದಕ್ಕೆ. ಕಣದ ತುಂಬ ಅತ್ತೆಯ ಮೆಣಸು, ಮೂರನೇ ದಿನದ ಬಿಸಿಲಿಗೆ ಆಗಷ್ಟೇ ಕಪ್ಪಗಾಗುತ್ತಿತ್ತು. ಊರೆಲ್ಲ ಕಾಫಿ ಹೂ ಅರಳಿಸುವ ಹೂಮಳೆ ಬರಲಪ್ಪ ಅಂತ ಆಕಾಶ ನೋಡುತ್ತಿದ್ದರೆ, ನಾನೊಬ್ಬಳು ಇವತ್ತೊಂದು ದಿನ ಬರಬೇಡ ಮಾರಾಯ ಅಂತ ಅದೇ ಆಕಾಶಕ್ಕೆ ಕೈಮುಗಿದೆ. ಮೇಲೆ ಹೊಸ ರವಿಕೆ, ಹೊಸ ಸೀರೆ, ಕ್ಯಾಮೆರಾಗೆ ಕಾಣದ ಕಾಲಿನ ಮೇಲೆ ಯಜಮಾನರ ಹಳೇ ಶಾಲು. ಲ್ಯಾಪ್‌ಟಾಪಿನ ಇಯರ್‌ಫೋನ್ ವೈರನ್ನು ಎರಡು ಕಿವಿಗೂ ಸಿಕ್ಕಿಸಿ, ಚಿಲಕ ಹಾಕದೆ ಬಾಗಿಲು ಬರೀ ಮುಚ್ಚಿ ಕೂತೆ. ಚಿಲಕ ಯಾಕೆ ಹಾಕಲಿಲ್ಲ ಅಂದರೆ, ಅದು ವೈರು ಎಳೆಸಿದ ವಾರವೇ ಕೆಟ್ಟು ಇನ್ನೂ ರಿಪೇರಿಯಾಗಿರಲಿಲ್ಲ, ಸ್ಪೇರ್ ಪಾರ್ಟ್ಸ್ ಅಂಗಡಿಯವರ ಮನೆಯಲ್ಲವೇ.

ಪರೀಕ್ಷೆ ಮಾಡುವ ಮೇಡಂ ತಾವೇ ಆರನೇ ಕ್ಲಾಸಿನ ಹುಡುಗಿ ಅಂತ ಅಂದುಕೊಂಡು ಪ್ರಶ್ನೆ ಕೇಳುತ್ತಿದ್ದರು. ನಾನು ಭಿನ್ನರಾಶಿ ಕಲಿಸುತ್ತಿದ್ದೆ. ಚೆನ್ನಾಗೇ ಹೋಗುತ್ತಿತ್ತು, ನನಗೇ ನನ್ನ ಮೇಲೆ ಅಭಿಮಾನ ಬರುವಷ್ಟು. ಅಷ್ಟರಲ್ಲಿ ಇಯರ್‌ಫೋನ್ ದಾಟಿ ದೂರದಲ್ಲೊಂದು ಗುಡುಗು ಕೇಳಿತು. ಮರುಕ್ಷಣವೇ ಬಾಗಿಲು ದಢಾರ್ ಅಂತ ತೆಗೆದು ಅತ್ತೆ ಓಡಿಬಂದರು. ನಾನು ಕೈಯಲ್ಲಿ ಬೇಡ ಬೇಡ ಅನ್ನುತ್ತಿದ್ದಂತೆ ಕ್ಯಾಮೆರಾ ಮುಂದೆಯೇ ಹಾದು, ಬೀರು ತೆಗೆದು, ಹಳದಿ ವೈರನ್ನು ಬಳ್ಳಿ ಕಿತ್ತ ಹಾಗೆ ಒಂದೇ ಸಲ ಜಗ್ಗಿದರು. ವೈರಿನ ಬಾಯಿ ಡಬ್ಬಿಯಲ್ಲೇ ಉಳಿಯಿತು, ಬಾಲ ಅತ್ತೆಯ ಕೈಯಲ್ಲಿ. ಪರದೆ ಮೇಲೆ ಮೇಡಂ ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಟ್ಟರು.

ಆಮೇಲೆ ನಾನು ನಾನಾಗಿರಲಿಲ್ಲ. ಒಂಬತ್ತು ವರ್ಷದ ಶಾಲೆ, ಹೆಡ್ಮಾಸ್ಟರು, ಜೀಪು, ಮದುವೆ ಸೀರೆಯ ತೂತು, ಇವರಿಗೆ ಗಾಜು ಅಂತ ಎರಡು ಸಲ ಹೇಳಿದ್ದು, ಎಲ್ಲ ಸೇರಿ ಒಂದೇ ಸಲ ಬಾಯಿಗೆ ಬಂತು. ಅತ್ತೆ ವೈರಿನ ಬಾಲ ಹಿಡಿದು ನಿಂತೇ ಇದ್ದರು. ಗುಡುಗು ಬಂತಲ್ಲ ಅಂತ ಒಂದು ಸಲ ಅಂದರು, ಅದಕ್ಕೂ ಬೈದೆ. ಹೊರಗೆ ಹಂಚಿನ ಮೇಲೆ ಮಳೆ ಸುರಿಯತೊಡಗಿದ್ದು ಕೇಳುತ್ತಿತ್ತು, ಅದರ ಸದ್ದಿಗಿಂತ ಜೋರಾಗಿ ಬೈದೆ. ಅವರು ಎರಡು ಸಲ ಬಾಗಿಲ ಕಡೆ ನೋಡಿದರು. ನಾನು ಮಾತಾಡ್ತಿರುವಾಗ ಎಲ್ಲಿ ನೋಡ್ತೀರಿ ಅಂತ ಮಕ್ಕಳಿಗೆ ಗದರಿಸಿದ ಹಾಗೆ ಗದರಿಸಿದೆ. ಕೊನೆಗೆ ಅಂದೆ, "ನಾನು ಉದ್ಧಾರ ಆಗೋದು ನಿಮಗೆ ಬೇಡ. ಅಷ್ಟೇ ವಿಷಯ."

ಅವರು ವೈರನ್ನು ಮಂಚದ ಮೇಲೆ ಇಟ್ಟು ಹೊರಗೆ ಹೋದರು. ನಾನು ಫೋನು ಹಿಡಿದು ಅಟ್ಟಕ್ಕೆ ಓಡಿದೆ.

ಕಿಟಕಿ ಹತ್ತಿರ ಆ ಒಂದು ಕಡ್ಡಿ ಸಿಗ್ನಲ್ ಇತ್ತು. ಮೇಡಂ ಫೋನು ಎತ್ತಿದರು. ನಾನು ಅಂದುಕೊಂಡಷ್ಟು ಕೆಟ್ಟವರಲ್ಲ. ಅರ್ಧ ಪಾಠ ನೋಡಿದ್ದೀನಿ, ಚೆನ್ನಾಗಿ ಕಲಿಸ್ತೀರಿ ಅಂದರು. ನಿಮ್ಮ ಹೊತ್ತು ಇನ್ನೂ ಮುಗಿದಿಲ್ಲ, ಇವತ್ತೊಂದು ದಿನ ಮೊಬೈಲಲ್ಲಾದರೂ ಸರಿ, ಹತ್ತು ನಿಮಿಷದೊಳಗೆ ಎಲ್ಲಿಂದಾದರೂ ಸೇರ್ಕೊಳ್ಳಿ, ಆಮೇಲೆ ಬೇರೆಯವರಿದ್ದಾರೆ ಅಂದರು. ಸ್ಕೂಟರಲ್ಲಿ ಯಜಮಾನರ ಅಂಗಡಿಗೆ ಐದು ನಿಮಿಷ. ಅಲ್ಲಿ ಮೊಬೈಲ್ ಸಿಗ್ನಲ್ ಬೇಕಾದಷ್ಟಿದೆ. ನನ್ನ ಬಾಯಲ್ಲಿ ಸರಿ ಮೇಡಂ ಅನ್ನುವ ಮಾತು ಬಂದೇ ಬಿಟ್ಟಿತ್ತು.

ಆಗ ಕಿಟಕಿಯಿಂದ ಕಣ ಕಾಣಿಸಿತು. ಮೆಣಸು ಕಣದಲ್ಲಿರಲಿಲ್ಲ, ನೀರಿನ ಜೊತೆ ಚರಂಡಿ ಕಡೆ ಹೊರಟಿತ್ತು. ಅತ್ತೆ ಮಂಡಿಯೂರಿ ಮೊರದಲ್ಲಿ ಬಾಚುತ್ತಿದ್ದರು, ಬಾಚಿದ್ದಕ್ಕಿಂತ ಹೆಚ್ಚು ಪಕ್ಕದಿಂದ ಹೋಗುತ್ತಿತ್ತು. ಅವರು ನನ್ನ ಕೋಣೆಗೆ ಬಂದಾಗ ತಲೆ ಒಣಗಿತ್ತು, ಸೆರಗು ಒಣಗಿತ್ತು. ಮಳೆ ಆಗಿನ್ನೂ ಬಂದಿರಲಿಲ್ಲ. ಕಣದಲ್ಲೇ ಇದ್ದವರು, ಗುಡುಗು ಕೇಳಿ ಮೊರ ಅಲ್ಲೇ ಬಿಟ್ಟು ನನ್ನ ಹತ್ತಿರ ಓಡಿಬಂದಿದ್ದಾರೆ. ವೈರು ಕಿತ್ತು ವಾಪಸ್ ಹೋಗಿದ್ದರೂ ಮುಕ್ಕಾಲು ಉಳೀತಿತ್ತು. ನಾನು ನಿಲ್ಲಿಸಿಕೊಂಡು ಬೈದೆ.

ಮೇಡಂ ಹಲೋ ಹಲೋ ಅನ್ನುತ್ತಿದ್ದರು. ಆಗಲ್ಲ ಮೇಡಂ, ಮನೇಲಿ ಮೆಣಸು ನೆನೀತಿದೆ ಅಂದೆ. ಏನು ನೆನೀತಿದೆ ಅಂತ ಅವರು ಕೇಳುತ್ತಿರುವಾಗಲೇ ಇಟ್ಟುಬಿಟ್ಟೆ.

ಹೊಸ ಸೀರೆಯಲ್ಲೇ ಹೋಗಿ ಚರಂಡಿ ಬಾಯಿಗೆ ಗೋಣಿ ಮುದ್ದೆ ಮಾಡಿ ತುರುಕಿ, ಅಲ್ಲೇ ಕೂತು ಎರಡು ಕೈಯಲ್ಲೂ ಬಾಚಿದೆ. ಬಾಚುತ್ತಲೇ ಕೇಳಿದೆ, "ಮೆಣಸು ಬಿಟ್ಟು ನನ್ನ ಹತ್ರ ಯಾಕೆ ಬಂದ್ರಿ ಅತ್ತೆ? ಆ ಡಬ್ಬಿ ಹೋದ್ರೆ ಹೋಗ್ತಿತ್ತು."

ಅವರು ಬಾಚುವುದನ್ನು ನಿಲ್ಲಿಸಲಿಲ್ಲ. "ಡಬ್ಬಿ ಸುಟ್ಟುಹೋಗ್ಲಿ. ನಿನ್ನ ಎರಡು ಕಿವೀಲೂ ವೈರಿತ್ತಲ್ಲೇ" ಅಂದರು.

ಜೂನ್‌ನಲ್ಲಿ ನಾನು ಆ ಗೇಟು ದಾಟಿ ಹೋಗಿ ಹೆಡ್ಮಾಸ್ಟರ ಎದುರು ನಿಂತೆ. ಅವರು ಕೂರಲೂ ಹೇಳದೆ, ಎಲ್ಲರಿಗೂ ಕೇಳುವ ಹಾಗೆ, ಬಂದ್ರಾ ಮೇಡಂ ಅಂದರು. ಅಲ್ಲಿ ಆದ ನಾಚಿಕೆ ಆ ದಿನ ಕಣದಲ್ಲಿ ಆದದ್ದರ ಅರ್ಧವೂ ಅಲ್ಲ.