ಶ್ರದ್ಧಾಂಜಲಿ ಸಭೆಯಲ್ಲಿ ನಾನು ಆಡಿದ ಮಾತು

ಶಹಾಪುರದಲ್ಲಿ ನಮ್ಮದು ಶಾಮಿಯಾನ ಮತ್ತು ಮೈಕಿನ ಅಂಗಡಿ. ಮದುವೆ, ಜಾವಳ, ಉರುಸು, ಪುರಾಣ, ಯಾವುದಕ್ಕೆ ಯಾರು ಬಂದು ಕೇಳಿದರೂ ನಮ್ಮ ಮನೆಯವರು ಸಾಮಾನು ಕೊಡುತ್ತಿದ್ದರು. ಚುನಾವಣೆ ಬಂತೆಂದರೆ ಬೆಳಿಗ್ಗೆ ಒಂದು ಪಕ್ಷಕ್ಕೆ ಕಟ್ಟಿದ ಮೈಕನ್ನೇ ಸಂಜೆ ಅದರ ಎದುರು ಪಕ್ಷಕ್ಕೆ ಕಟ್ಟಿ ಬರುತ್ತಿದ್ದರು. "ಮುಂಜಾನಿ ಹೊಗಳಿದ ಮೈಕ್ ಸಂಜಿಗಿ ಬೈತದ. ಅದಕ್ಕ ನಾಚಿಕಿ ಇಲ್ಲ, ನನಗೂ ಇಲ್ಲ" ಎಂದು ನಗುತ್ತಿದ್ದರು.

ಒಮ್ಮೆ ಊಟದ ಹೊತ್ತಿಗೆ ಟಿವಿಯಲ್ಲಿ ಯಾವುದೋ ಹೊರದೇಶದ ಸುದ್ದಿ ಬರುತ್ತಿತ್ತು. ಅಲ್ಲಿಯೂ ಜನ ಮತ ಹಾಕಿಯೇ ಸರಕಾರ ಮಾಡುತ್ತಾರಂತೆ. ಆದರೂ ಬೇರೆಯವರನ್ನೆಲ್ಲ ಓಡಿಸುತ್ತೇವೆ ಎನ್ನುವವರ ಮೆರವಣಿಗೆ ಬೀದಿ ತುಂಬ ಹೊರಟಿತ್ತು. "ನಮ್ಮಲ್ಲೂ ಹಿಂಗ ಆಗತದೇನ್ರಿ?" ಎಂದು ಕೇಳಿದೆ. ಅವರು ರೊಟ್ಟಿ ಮುರಿಯುತ್ತ, "ಇಲ್ಲಿ ಹ್ಯಾಂಗ ಆಗತದ? ಅತೀ ಮಾಡಿದವರನ್ನ ಮಂದಿ ಓಟು ಹಾಕಿ ಮನಿಗಿ ಕಳಸ್ತಾರ. ಎಲ್ಲಾರ ಮೆರವಣಿಗಿಗಿ ಮೈಕ್ ಕೊಟ್ಟಾಂವ ನಾ, ನನಗ ಗೊತ್ತಿಲ್ಲೇನು?" ಅಂದರು. ನಾನು ನಂಬಿದೆ.

ಅವರು ತೀರಿಕೊಂಡದ್ದು ಕೆಂಭಾವಿಯ ಮದುವೆಯೊಂದಕ್ಕೆ ಸಾಮಾನು ಒಯ್ಯುವಾಗ. ಶಾಮಿಯಾನದ ಕಬ್ಬಿಣದ ಪೈಪುಗಳು ಟೆಂಪೊಗಿಂತ ಉದ್ದ, ಹಿಂದೆ ಹೊರಗೆ ಚಾಚಿಕೊಂಡಿರುತ್ತವೆ. ಹಿಂದಿನಿಂದ ಬರುವವರಿಗೆ ಕಾಣಲೆಂದು ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಅಂದು ಬಟ್ಟೆ ಅಂಗಡಿಯಲ್ಲೇ ಇತ್ತು. ನಾನು ಕೈಯಲ್ಲಿ ಹಿಡಿದು ಬಾಗಿಲ ತನಕ ಬಂದೆ. "ಹೊತ್ತು ಮುಳುಗೋದ್ರಾಗ ಮುಟ್ಟತೀನಿ, ಬಿಡು" ಎಂದು ಹೊರಟೇಬಿಟ್ಟರು. ದಾರಿಯಲ್ಲಿ ಹಗ್ಗ ಸಡಿಲಾಯಿತು. ರಸ್ತೆಯ ಬದಿಗೆ ನಿಲ್ಲಿಸಿ, ಟೆಂಪೊದ ಹಿಂದೆ ನಿಂತು ಬಿಗಿಯುತ್ತಿದ್ದರು. ಮಬ್ಬುಗತ್ತಲೆ. ಹತ್ತಿ ಹೇರಿಕೊಂಡು ಬಂದ ಗಾಡಿಯೊಂದು ತೀರ ಹತ್ತಿರ ಬಂದ ಮೇಲೆ ಬ್ರೇಕ್ ಹಾಕಿತು, ಆದರೂ ನಿಲ್ಲದೆ ಪೈಪಿಗೂ ಅವರಿಗೂ ಬಡಿಯಿತು. ಜೊತೆಗಿದ್ದ ನನ್ನ ಮೈದುನ ಇದನ್ನೆಲ್ಲ ಕಣ್ಣಾರೆ ಕಂಡವನು.

ಆ ಗಾಡಿಯ ಚಾಲಕ ಗೋಗಿಯ ಕಡೆಯ ಮುಸ್ಲಿಮ. ಹತ್ತಿಯ ಅಂಡಿಗೆಗಳನ್ನು ರಸ್ತೆಗೆ ಉರುಳಿಸಿ, ನಮ್ಮವರನ್ನು ಅದೇ ಗಾಡಿಯಲ್ಲಿ ಮಲಗಿಸಿಕೊಂಡು ಶಹಾಪುರದ ಆಸ್ಪತ್ರೆಗೆ ತಂದವನು ಅವನೇ. ನಾನು ಹೋದಾಗ ಮೆಟ್ಟಿಲ ಮೇಲೆ ಕುಳಿತಿದ್ದ. ಅಂಗಿಯೆಲ್ಲ ರಕ್ತ. "ಪೈಪ್ ಕಾಣಲಿಲ್ಲವ್ವಾ, ಖುದಾನ ಆಣಿ, ಕಾಣಲಿಲ್ಲ" ಎಂದು ಅಳುತ್ತಿದ್ದ. ಕಲಬುರಗಿಗೆ ಒಯ್ಯುವ ದಾರಿಯಲ್ಲಿ ನಮ್ಮ ಮನೆಯವರು ಹೋಗಿಬಿಟ್ಟರು.

ಮಣ್ಣಿನ ದಿನ ನಮ್ಮ ಓಣಿಯ ಕೆಲವು ತರುಣರು ಎಲ್ಲ ಕೆಲಸ ಹೊತ್ತುಕೊಂಡರು. ಕುಣಿ ತೋಡಿಸಿದರು, ಅಯ್ಯನವರನ್ನು ಕರೆತಂದರು, ಬಂದವರಿಗೆ ನೀರು ಕೊಟ್ಟರು. ಅವರದೊಂದು ಸಂಘವಿತ್ತು. ಮುಸ್ಲಿಮರ ಅಂಗಡಿಯಲ್ಲಿ ಏನೂ ಕೊಳ್ಳಬೇಡಿ ಎಂದು ಮನೆ ಮನೆಗೆ ಹೇಳಿ ಬರುವ ಸಂಘ. ನನಗೆ ಗೊತ್ತಿತ್ತು. ಆದರೆ ಆ ದಿನ ಅವರ ಕೈಯ ನೀರೇ ಕುಡಿದೆ. ಅವರ ಮುಂದಾಳು ಮಾತ್ರ ಆಮೇಲೂ ದಿನಾ ಬರುತ್ತಿದ್ದ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಅತ್ತೆಯ ಕಾಲು ಮುಟ್ಟಿ, ನನ್ನನ್ನು ಅಕ್ಕಾ ಎಂದು ಕರೆದು ಮಾತಾಡುತ್ತಿದ್ದ. ಒಳ್ಳೆಯ ಹುಡುಗ ಅನಿಸುತ್ತಿತ್ತು. ಈಗಲೂ ಹೇಳುತ್ತೇನೆ, ನಮ್ಮ ದುಃಖಕ್ಕೆ ಅವನಷ್ಟು ಬೇಗ ಯಾರೂ ಬರಲಿಲ್ಲ.

ಒಂದು ದಿನ ಚಹಾ ಕುಡಿಯುತ್ತ ಹೇಳಿದ: "ಅಕ್ಕಾ, ಅಣ್ಣಂದು ಆಕ್ಸಿಡೆಂಟ್ ಅಲ್ಲ. ಅಂವ ಬೇಕಂತ ಹೊಡದಾನ."

"ಯಾರು ನೋಡ್ಯಾರ?"

"ನೋಡೋದೇನದ? ಅವನ ಹೆಸರು ಕೇಳಿದ್ರ ತಿಳಿಯಂಗಿಲ್ಲೇನು?"

ಶ್ರದ್ಧಾಂಜಲಿ ಸಭೆ ಮಾಡುತ್ತಾರಂತೆ. ಪೊಲೀಸರ ಅನುಮತಿ ಪಡೆದಾಗಿತ್ತು. ನಮ್ಮವರ ಫೋಟೊ ಹಾಕಿದ ಬ್ಯಾನರ್ ಅಚ್ಚಾಗಿ ಬಂದಿತ್ತು. ಫೋಟೊದ ಕೆಳಗೆ 'ಧರ್ಮಕ್ಕಾಗಿ ಬಲಿಯಾದ ವೀರ' ಎಂದಿತ್ತು. ಕೆಂಭಾವಿಯ ಮದುವೆಗೆ ಪೈಪು ಒಯ್ಯುತ್ತಿದ್ದ ಮನುಷ್ಯ! ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಸಭೆಗೆ ಶಾಮಿಯಾನ, ಕುರ್ಚಿ, ಮೈಕು ನಮ್ಮ ಅಂಗಡಿಯಿಂದಲೇ ಬೇಕು ಎಂದ.

ಅವನು ಹೋದ ಮೇಲೆ ಮೈದುನ ಸಿಡಿಮಿಡಿಗೊಂಡ. "ವೈನಿ, ಇವರಿಗಿ ಒಂದು ಗೂಟ ಸೈತ ಕೊಡಬ್ಯಾಡ."

"ಕೊಡು. ನಿಮ್ಮಣ್ಣ ಯಾರಿಗೂ ಇಲ್ಲ ಅಂದಿದ್ದಿಲ್ಲ. ಆದ್ರ ಮೈಕಿನ ಮಷಿನ್ ಮುಂದ ನೀನೇ ಕೂಡು, ಬ್ಯಾರೆ ಯಾರನ್ನೂ ಕೂಡಸಬ್ಯಾಡ."

ಸಭೆಗೆ ಸುರಪುರ, ಯಾದಗಿರಿಯಿಂದಲೂ ಜನ ಬಂದಿದ್ದರು. ವೇದಿಕೆಯ ಮೇಲೆ ಹಾರ ಹಾಕಿದ ಫೋಟೊ, ಅದರ ಪಕ್ಕ ನನಗೊಂದು ಕುರ್ಚಿ. ಭಾಷಣಗಳು ಏರುತ್ತಾ ಹೋದವು. ಮುಂದೆ ಕುಳಿತವರಲ್ಲಿ ನಮ್ಮ ಗಿರಾಕಿಗಳು, ಬೀಗರು, ಕಾಯಿಪಲ್ಲೆ ಮಾರುವವರು ಇದ್ದರು. ನಾನು ದಿನಾ ನೋಡುವ ಆ ಮುಖಗಳೇ ಬೇರೆಯಾಗುತ್ತಿದ್ದವು. ನಮ್ಮಲ್ಲಿ ಹೀಗೆ ಆಗುತ್ತದೆಯೇ ಎಂದು ಇನ್ನು ಯಾರನ್ನೂ ಕೇಳಬೇಕಿರಲಿಲ್ಲ. ಅನುಮತಿ ಪಡೆದು, ನಮ್ಮದೇ ಶಾಮಿಯಾನದ ನೆರಳಿನಲ್ಲಿ, ನನ್ನ ಗಂಡನ ಸಾವನ್ನು ಮುಂದಿಟ್ಟುಕೊಂಡು ಅದು ಆಗುತ್ತಿತ್ತು. ಅವರ ಹತ್ತಿರ ಎಲ್ಲವೂ ಇತ್ತು. ಒಂದು ಹೆಣ ಬೇಕಿತ್ತು, ಮತ್ತು ಹೌದು ಎನ್ನುವ ಹೆಂಡತಿ.

"ಈಗ ಅಕ್ಕ ಎರಡು ಮಾತು ಹೇಳ್ತಾಳ" ಎಂದು ಮೈಕು ನನ್ನ ಕೈಗೆ ಕೊಟ್ಟರು. ಅತ್ತರೆ ಸಾಕು ಎಂದುಕೊಂಡಿದ್ದರೇನೋ. ಇಷ್ಟು ವರ್ಷ ಮೈಕಿನಿಂದಲೇ ಉಂಡರೂ ಅದರಲ್ಲಿ ಒಮ್ಮೆಯೂ ಮಾತಾಡಿದವಳಲ್ಲ.

"ನಮ್ಮ ಮನಿಯವರನ್ನ ಯಾರೂ ಕೊಂದಿಲ್ರಿ" ಎಂದೆ. "ಪೈಪಿಗಿ ಕೆಂಪು ಬಟ್ಟಿ ಕಟ್ಟಿದ್ದಿಲ್ಲ. ಕಟ್ರಿ ಅಂದ್ರ ಕೇಳಲಿಲ್ಲ. ತಪ್ಪು ಅವರದೇ. ಬಡಿದಾಂವ ಓಡಿ ಹೋಗಲಿಲ್ಲ, ತನ್ನ ಮಾಲು ರಸ್ತೆಕ್ಕ ಒಗದು ಅವರನ್ನ ದವಾಖಾನಿಗಿ ತಂದಾನ. ಅವನ ಮ್ಯಾಲ ಕೈ ಎತ್ತೋದಿದ್ರ ನನ್ನ ಗಂಡನ ಹೆಸರು ಹೇಳಬ್ಯಾಡ್ರಿ."

"ಏ, ಮೈಕ್ ಬಂದ್ ಮಾಡೋ!" ಎಂದು ಯಾರೋ ಕೂಗಿದರು.

"ಕೇಳಸವಲ್ದು, ಸೌಂಡ್ ಭಾಳ ಅದ!" ಎನ್ನುತ್ತ ನನ್ನ ಮೈದುನ ಸೌಂಡನ್ನು ಇನ್ನಷ್ಟು ಏರಿಸಿದ.

ಕೆಲವರು ಎದ್ದು ಹೋದರು. ಕೆಲವರು ನನಗೆ ಛೀ ಎಂದರು. ಹಿಂದೆ ನಿಂತಿದ್ದ ಮುದುಕನೊಬ್ಬ, "ಸುಮ್ನಿರ್ರೋ, ಸತ್ತಾಂವ ಅಕಿ ಗಂಡ, ನಿಮ್ಮ ಗಂಡನೇನು?" ಎಂದು ಗದರಿಸಿದ. ನಗೆ ಎದ್ದಿತು. ಆಮೇಲೆ ಎಷ್ಟು ಜನ ಮೈಕು ಹಿಡಿದರೂ ಸಭೆ ಕೂಡಿಬರಲಿಲ್ಲ. ಆ ಬ್ಯಾನರನ್ನು ನಾನೇ ಬಿಚ್ಚಿದೆ.

ಅದರ ಬೆಲೆ ಮನೆಯಲ್ಲೇ ತೆರಬೇಕಾಯಿತು. ಹೇಳಿಟ್ಟಿದ್ದ ಮದುವೆಗಳು ಕೈತಪ್ಪಿ ಹೋದವು. ಅದಕ್ಕಿಂತ ಹೆಚ್ಚಾಗಿ, ಅತ್ತೆ ನನ್ನೊಡನೆ ಮಾತು ಬಿಟ್ಟರು. "ಸತ್ತ ಮಗನ ತಪ್ಪು ಊರ ಮುಂದ ಒದರಿದಿ" ಎಂದವರು ಗೋಡೆಗೆ ಮುಖ ಮಾಡಿ ಮಲಗಿದರು. ಅವರು ಅಳುವುದು ಕೇಳುತ್ತಿತ್ತು. ಎದ್ದು ಹೋಗಿ ಏನು ಹೇಳಲಿ? ನಾನಾಡಿದ್ದು ಸುಳ್ಳೆಂದು ಹೇಳಲು ಬಾರದು. ಗಂಡನನ್ನು ತಪ್ಪಿತಸ್ಥ ಎಂದ ನಾಲಿಗೆಯನ್ನು ಕಚ್ಚಿಕೊಂಡು ನಾನೂ ಅತ್ತುಬಿಟ್ಟೆ.

ಕೆಲವು ದಿನಗಳ ಮೇಲೆ ಮುಂದಾಳು ಮತ್ತೆ ಬಂದ. ಈ ಸಲ ಚಪ್ಪಲಿ ಬಿಡಲಿಲ್ಲ, ಅಂಗಳದಲ್ಲೇ ನಿಂತ. "ಪೊಲೀಸರ ಮುಂದರ ನಮ್ಮ ಮಾತು ಹೇಳಕ್ಕ. ಇಲ್ಲಂದ್ರ ಈ ಊರಾಗ ನಿನ್ನ ಶಾಮಿಯಾನ ಯಾರು ಕಟ್ಟಸ್ತಾರ ನೋಡತೀನಿ."

"ಶಾಮಿಯಾನ ಬಾಡಿಗಿಗಿ ಅದ. ಬೇಕಾದವರು ಒಯ್ಯಲಿ, ಬ್ಯಾಡಾದವರು ಬಿಡಲಿ. ನನ್ನ ಗಂಡನ ಸಾವು ಬಾಡಿಗಿಗಿ ಇಲ್ಲ."

ಅವನು ಒಳಗೆ ಮಲಗಿದ್ದ ಅತ್ತೆಯ ಕಡೆ ದನಿ ಎತ್ತಿದ. "ಆಯಿ, ನೀನರ ಹೇಳು ಇಕಿಗಿ. ಮಗನ್ನ ಕಳಕೊಂಡಾಕಿ ನೀ."

ಅತ್ತೆ ಎದ್ದು ಕುಳಿತರು. ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು ಹೊಸ್ತಿಲ ತನಕ ಬಂದರು.

"ನನ್ನ ಮಗ ಮೊಂಡ ಇದ್ದ" ಎಂದರು. "ಸಣ್ಣಾಂವ ಇದ್ದಾಗಿಂದ ನಾ ಹೇಳಿದ್ದೂ ಕೇಳಿದಾಂವಲ್ಲ. ಅಕಿ ಹೇಳಿದ್ದು ಖರೆ ಅದ. ಅಂವ ಮೊಂಡನೇ ಇರಲಿ, ನನ್ನ ಮಗ. ನಿಮ್ಮ ವೀರ ನನಗ ಬ್ಯಾಡ. ನಡಿ, ಹೊರಗ ನಡಿ."