ಫಿಲೋಮಿನಾ ಬಾಯಿ ಪತ್ತೆ ಮಾಡಿದ ಸದ್ದು

ಆನ್ ಮಾಡುತ್ತಲೇ ಅಂಗಡಿಯ ಕಂಪ್ಯೂಟರ್ "ಕರ್ರ್ ಕರ್ರ್" ಎಂದು ಅರಚತೊಡಗಿತು. ವಿಟ್ಲದಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಹಾರ್ಡ್ ಡಿಸ್ಕ್ ಕೆಟ್ಟಿತು, ಅಂದೇ ಕೊಡಬೇಕಿದ್ದ ಮದುವೆ ಆಮಂತ್ರಣದ ಕಾಗದವೂ ಹೋಯಿತು ಎಂದು ಹೆದರಿದೆ.

ಸದ್ದು ಕೇಳಿ ಪಕ್ಕದ ಟೈಲರ್ ಫಿಲೋಮಿನಾ ಬಾಯಿ ಬಂದರು. ಕಂಪ್ಯೂಟರಿನ ಡಬ್ಬಕ್ಕೆ ಕಿವಿಯಿಟ್ಟು, "ಹೆದರಬೇಡ ಮಾರಾಯ್ತಿ, ತಿರುಗುವುದಕ್ಕೆ ಏನೋ ತಾಗ್ತಾ ಉಂಟು. ನನ್ನ ಹೊಲಿಗೆ ಮಿಷನ್ನಿಗೂ ಹೀಗೇ ಆಗ್ತದೆ" ಎಂದರು. ಸ್ವಿಚ್ ಆಫ್ ಮಾಡಿಸಿ, ತಮ್ಮ ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿದರು. ವಯರೊಂದು ಜಾರಿ ಫ್ಯಾನಿನ ರೆಕ್ಕೆಗೆ ಬಡಿಯುತ್ತಿತ್ತು. ಅದನ್ನು ಬದಿಗೆಳೆದು ಕೆಂಪು ನೂಲಿನಲ್ಲಿ ಬಿಗಿದರು. ಮತ್ತೆ ಆನ್ ಮಾಡಿದರೆ ಸದ್ದೇ ಇಲ್ಲ! ಇಬ್ಬರೂ ಜೋರಾಗಿ ನಕ್ಕೆವು.

ಇಷ್ಟು ವರ್ಷ ಆ ಡಬ್ಬವನ್ನು ಹೊರಗಿನಿಂದಷ್ಟೇ ಒರೆಸುತ್ತಿದ್ದವಳು ನಾನು. ಮರುದಿನ ನನಗೂ ಒಂದು ಸ್ಕ್ರೂಡ್ರೈವರ್ ಕೊಂಡುಕೊಂಡೆ.