ಕೆಳಗಿನ ಪೈಪಿನ ಎರಡು ತೂತು

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ವಾಕಿದಿ ತಮ್ಮ ಅಂಗಡಿಯ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತು, ಹಳೆಯ ಸೈಕಲ್ ಫ್ರೇಮೊಂದರ ಕೆಳಗಿನ ಪೈಪನ್ನು ಬೆಳ್ಳಿಗೆಲಸದ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಿದ್ದರು. ಬೆರಳಗಲಕ್ಕೊಂದು ತಟ್ಟು. ತಟ್ಟುವುದು, ಕಿವಿಗೊಡುವುದು, ಮುಂದಕ್ಕೆ ಸರಿಯುವುದು. ಫ್ರೇಮು ತಂದಿದ್ದ ಬಾಸ್ಕೋರೋ ಎದುರಿಗೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೂವತ್ತರ ಆಸುಪಾಸಿನವನು. ನೀರಿನ ಬಾಟಲ್ ಹೋಲ್ಡರ್ ಕೂರಿಸಲು ಪೈಪಿಗೆ ಎರಡು ನಟ್ಟು ಬೆಸೆಯಬೇಕು, ಅಷ್ಟೇ ಅವನ ಕೆಲಸ.

"ಯಾರ್ದು ಫ್ರೇಮು?"

"ನಂದೇ, ಪಾ." ಹಿರಿಯ ಗಂಡಸರನ್ನು ಇಲ್ಲಿ ಹಾಗೇ ಕರೆಯುವುದು.

"ಅದು ಕಾಣ್ತಿದೆ. ನಿಂದಾಗೋಕೆ ಮೊದ್ಲು ಯಾರ್ದು?"

"ನಮ್ಮಪ್ಪಂದು. ತೀರ್ಕೊಂಡ್ರು."

"ಯಾವತ್ತು?"

"ಎರಡು ವರ್ಷ ಆಯ್ತು."

"ವರ್ಷ ಕೇಳ್ಲಿಲ್ಲ. ಯಾವ ವಾರ, ಯಾವ ಸಂತೆದಿನ?"

ಬಾಸ್ಕೋರೋ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿದ, ಸಡಿಲ ಮಾಡಿದ. "ಗುರುವಾರ. ಸಂತೆದಿನ... ಪಾಹಿಂಗ್ ಇರ್ಬೇಕು."

ವಾಕಿದಿಯವರ ಸುತ್ತಿಗೆ ನಿಂತಿತು. ನಮ್ಮ ಕಡೆ ಏಳು ವಾರಗಳ ಜೊತೆ ಪಾಹಿಂಗ್, ಪೊನ್, ಲೆಗಿ ಮುಂತಾದ ಐದು ಸಂತೆದಿನಗಳೂ ಸುತ್ತುತ್ತವೆ. ಅಪ್ಪ ಅಮ್ಮ ತೀರಿಕೊಂಡ ವಾರ, ಸಂತೆದಿನ ಎರಡೂ ಕೂಡಿಬಂದ ದಿನ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ನಲವತ್ತನೇ ದಿನ, ನೂರನೇ ದಿನ, ಸಾವಿರನೇ ದಿನ ಊರಿಗೆ ಊಟ ಹಾಕುವುದೂ ಆ ಲೆಕ್ಕದ ಮೇಲೆಯೇ. ಮಗನಾದವನು ತನ್ನ ಮನೆಯ ಬಾಗಿಲ ಸಂಖ್ಯೆ ಮರೆತರೂ ಅದನ್ನು ಮರೆಯುವುದಿಲ್ಲ.

ಪಕ್ಕದಲ್ಲೇ ಸೋಯಾಕಾಳು ಹುದುಗಿಸಿದ ತೆಂಪೆ ಬಿಲ್ಲೆ ಕರಿಯುತ್ತಿದ್ದ ಅವರ ಹೆಂಡತಿ ಮುರ್ನಿ ಸೌಟು ಎತ್ತಿದರು. "ಶುರುವಾಯ್ತು ವಿಚಾರಣೆ. ಟೀ ಕುಡಿಯಪ್ಪಾ. ಇವ್ರಿಗೆ ಕನ್ನಡಿಯಲ್ಲಿ ಕಾಣೋ ಮನುಷ್ಯನ ಮೇಲೂ ನಂಬಿಕೆ ಇಲ್ಲ. ಗಡ್ಡ ಹೆರೆಯೋವಾಗ್ಲೂ ಅವನ ಕೈ ಮೇಲೇ ಕಣ್ಣು."

ಮುರ್ನಿ ಹೇಳಿದ್ದರಲ್ಲಿ ಹೆಚ್ಚು ಉತ್ಪ್ರೇಕ್ಷೆ ಇಲ್ಲ. ಆದರೆ ವಾಕಿದಿ ಮೊದಲಿನಿಂದ ಹಾಗಿರಲಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಅವರು ಇಲ್ಲೇ ಕೋತಗೆದೆಯ ಒಂದು ಬೆಳ್ಳಿ ಕಾರ್ಖಾನೆ ಸೇರಿದರು. ಇಪ್ಪತ್ತೈದು ವರ್ಷ ತಟ್ಟೆ, ಹೂದಾನಿ, ಬ್ರೂಚು ಮಾಡಿದರು. ಕೊಳ್ಳುವ ಪ್ರವಾಸಿಗರು ಕಡಿಮೆಯಾದಾಗ ಕಾರ್ಖಾನೆ ಮುಚ್ಚಿತು. ಮನೆಗೆ ತಂದದ್ದು ಒಂದು ಸುತ್ತಿಗೆ, ಒಂದು ಊದುಗೊಳವೆ, ಒಂದು ಹಿತ್ತಾಳೆ ಅಳತೆಪಟ್ಟಿ. ಸೈಕಲ್ಲಿನವರಿಗೆ ಗೊತ್ತಿರದ ಒಂದು ವಿಷಯ ಮಾತ್ರ ಅವರಿಗೆ ಗೊತ್ತಿತ್ತು: ಬೆಳ್ಳಿ ಬೆಸುಗೆ ಹಿತ್ತಾಳೆಗಿಂತ ಕಡಿಮೆ ಶಾಖಕ್ಕೆ ಕರಗುತ್ತದೆ. ಹಳೆಯ ಒಳ್ಳೆಯ ಫ್ರೇಮುಗಳ ಉಕ್ಕಿನ ಪೈಪು ತೆಳು. ಹೆಚ್ಚು ಕಾಯಿಸಿದರೆ ಅದರ ಗಟ್ಟಿತನ ಹೋಗುತ್ತದೆ. ಆ ಕಾಲದ ಫ್ರೇಮುಗಳಲ್ಲಿ ಬಾಟಲಿಗೆ ಜಾಗವೇ ಇರಲಿಲ್ಲ. ಸವಾರರು ತಗಡಿನ ಪಟ್ಟಿ ಬಿಗಿಯುತ್ತಿದ್ದರು, ಅದು ಜಾರಿ ಬಣ್ಣ ಕೀಳುತ್ತಿತ್ತು. ಬೆಳ್ಳಿಯಲ್ಲಿ ನಟ್ಟು ಕೂರಿಸಿದರೆ ಪೈಪಿಗೆ ನೋವಾಗದು ಎಂದು ವಾಕಿದಿ ಯೋಚಿಸಿದರು. ಹಾಗೆ ಯೋಚಿಸಿದವರು ಈ ಊರಿನಲ್ಲಿ ಅವರೇ ಮೊದಲು.

ಮೊದಲ ಗಿರಾಕಿ ಹಿಂದಿನ ಓಣಿಯ ಸಾರ್ಜಿಮಾನ್. ಅಂಚೆ ಕಚೇರಿಯವರು, ವಾಕಿದಿಗಿಂತ ಹದಿನೈದು ವರ್ಷ ದೊಡ್ಡವರು. ಭಾನುವಾರ ಕಡಲ ತೀರದವರೆಗೆ ಹೋಗಿ ಬರುವ ಸೈಕಲ್ ಹುಚ್ಚಿನವರು. ಅದು 2003. ಹೋಲ್ಡರಿನ ಎರಡು ತೂತಿನ ನಡುವೆ ಅರವತ್ನಾಲ್ಕು ಮಿಲಿಮೀಟರ್ ಇರಬೇಕು; ಜಗತ್ತಿನಲ್ಲಿ ಎಲ್ಲಿಗೆ ಹೋದರೂ ಅಷ್ಟೇ. ವಾಕಿದಿ ಹಿತ್ತಾಳೆ ಪಟ್ಟಿಯ ತುದಿಯನ್ನು ಪೈಪಿಗಿಟ್ಟು ಅರವತ್ನಾಲ್ಕಕ್ಕೆ ಗುರುತು ಹಾಕಿ, ಕೊರೆದು, ಬೆಸೆದರು. ಹೋಲ್ಡರ್ ಕೂರಲಿಲ್ಲ.

ತಪ್ಪು ಪಟ್ಟಿಯದು. ಬೆಸುಗೆಗೆ ಚೂರು ಹಿತ್ತಾಳೆ ಬೇಕಾದಾಗಲೆಲ್ಲ ಕಾರ್ಖಾನೆಯ ಹಿರಿಯ ಕೆಲಸಗಾರ ಆ ಪಟ್ಟಿಯ ತುದಿಯನ್ನೇ ಅರದಿಂದ ಉಜ್ಜಿಕೊಳ್ಳುತ್ತಿದ್ದ. ಹಾಗೆ ಉಜ್ಜಿ ಉಜ್ಜಿ ಮೂರು ಮಿಲಿಮೀಟರ್ ಹೋಗಿತ್ತು. ಅದಕ್ಕೇ ಅಲ್ಲಿಯವರೆಲ್ಲ ಹತ್ತರ ಗೆರೆಯಿಂದ ಅಳೆಯುತ್ತಿದ್ದರು. ಮೊದಲ ಸೈಕಲ್ ಕೆಲಸದ ಸಂಭ್ರಮದಲ್ಲಿ ವಾಕಿದಿ ಅದನ್ನು ಮರೆತರು. ಸಂಜೆ ಸಾರ್ಜಿಮಾನರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, ಬಂದ ಅಳತೆ ಎಷ್ಟೆಂದು ಇದ್ದದ್ದು ಇದ್ದಂತೆ ಹೇಳಿ, "ಎರಡು ದಿನ ಕೊಡಿ ಅಣ್ಣಾ, ಸರಿ ಮಾಡ್ತೀನಿ. ಯಾರಿಗೂ ಹೇಳ್ಬೇಡಿ" ಎಂದರು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಸೈಕಲ್ ಇರಲಿಲ್ಲ.

ಸಾರ್ಜಿಮಾನ್ ಜಗಳವಾಡಲಿಲ್ಲ, ದೂರು ಕೊಡಲಿಲ್ಲ. ಮಸೀದಿಯ ಗೇಟಿನ ಹತ್ತಿರ, ಸಂತೆಯಲ್ಲಿ, ಕೇಳಿದವರಿಗೆ ಕೇಳದವರಿಗೆ ಒಂದೇ ಮಾತು ಹೇಳಿದರು: "ಕೆಲಸ ಕೆಟ್ಟಿತ್ತು. ಅದಕ್ಕೇ ಸೈಕಲ್ಲೇ ಮಾಯ ಮಾಡ್ದ." ಆಮೇಲೆ ವಾಕಿದಿಯವರ ಕೆಲಸಕ್ಕೆ ದೂರದ ಊರುಗಳಿಂದ ಜನ ಬಂದರು, ಹಿಂದಿನ ಓಣಿಯಿಂದ ಒಬ್ಬರೂ ಬರಲಿಲ್ಲ. ಅಂದಿನಿಂದ ಅವರು ಪ್ರತಿ ಫ್ರೇಮಿಗೂ ಸರಪಳಿ ಹಾಕುತ್ತಾರೆ. ಫ್ರೇಮಿನ ಪೂರ್ವಾಪರ ಕೇಳದೆ ಬೈರಿಗೆ ಕೈಗೆತ್ತಿಕೊಳ್ಳುವುದಿಲ್ಲ. ಆ ಸೈಕಲ್ಲನ್ನು ಸಾರ್ಜಿಮಾನರೇ ಒಯ್ದು ಬಚ್ಚಿಟ್ಟರೇನೋ ಎಂಬ ಅನುಮಾನವೂ ಹತ್ತೊಂಬತ್ತು ವರ್ಷ ಅವರ ಒಳಗೆ ಇತ್ತು.

ಈಗ ಮತ್ತೆ ತಟ್ಟತೊಡಗಿದಾಗ ಅವರ ಕಿವಿ ಏನನ್ನೋ ಹಿಡಿಯಿತು. ಪೈಪಿನ ಉದ್ದಕ್ಕೂ ಟಿಣ್ ಟಿಣ್ ಎನ್ನುತ್ತಿದ್ದ ಉಕ್ಕು ಎರಡು ಕಡೆ ಮಾತ್ರ ಟಪ್ ಎಂದಿತು. ವಾಕಿದಿ ಚಾಕುವಿನ ತುದಿಯಿಂದ ನೀಲಿ ಬಣ್ಣ ಕೆರೆದರು.

"ಪಾ, ಬಣ್ಣ!" ಬಾಸ್ಕೋರೋ ಎದ್ದು ನಿಂತ.

"ಕೂತ್ಕೋ."

ನೀಲಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬೂದು. ಅದರ ಕೆಳಗೆ ಹಳದಿಯ ಒಂದು ಚುಕ್ಕೆ, ಯಾರೋ ತೂತಿಗೆ ತುಂಬಿದ ಹಿತ್ತಾಳೆ. ಚುಕ್ಕೆಯ ಸುತ್ತ ಕೂದಲೆಳೆಯಷ್ಟು ತೆಳುವಾದ ಬಿಳಿ ಬಳೆ. ಎರಡನೇ ಕಡೆ ಕೆರೆದರೂ ಅದೇ. ಬಿಳಿ ಎಂದರೆ ಬೆಳ್ಳಿ. ವಾಕಿದಿ ವರ್ನಿಯರ್ ತಂದು ನಡುವಿನಿಂದ ನಡುವಿಗೆ ಅಳೆದರು. ಮೂರು ಸಲ ಅಳೆದರು. ಅಂಕಿಯನ್ನು ಬಾಯಿ ಬಿಟ್ಟು ಹೇಳಲಿಲ್ಲ.

"ನಿಮ್ಮಪ್ಪ ಎಲ್ಲಿದ್ದಾರೆ, ನಿಜ ಹೇಳು."

ಬಾಸ್ಕೋರೋ ಮುರ್ನಿಯವರ ಕಡೆ ನೋಡಿದ. ಅಲ್ಲಿಂದಲೂ ಸಹಾಯ ಬರಲಿಲ್ಲ. "ಮಗೆಲಾಂಗಿನಲ್ಲಿ, ಪಾ. ಮೆಣಸಿನಗಿಡಕ್ಕೆ ನೀರು ಬಿಡ್ತಿರ್ತಾರೆ ಈಗ."

"ಅಯ್ಯೋ ನಿನ್ನ!" ಮುರ್ನಿ ಸೌಟಿನಿಂದಲೇ ಗದರಿದರು. "ಬದುಕಿರೋ ಅಪ್ಪನ್ನ ಒಂದು ಬಾಟಲಿಗೋಸ್ಕರ ಸಾಯ್ಸಿದ್ಯಲ್ಲೋ!"

"ಹಳೇ ಸಾಮಾನಿನ ಸಂತೇಲಿ ಎರಡು ವರ್ಷದ ಹಿಂದೆ ತಗೊಂಡಿದ್ದು. ಅಲ್ಲಿ ತಗೊಂಡಿದ್ದು ಅಂದ್ರೆ ಪಾ ವಾಕಿದಿ ಮುಟ್ಟಲ್ಲ, ಅಪ್ಪಂದು ಅನ್ನು ಅಂತ ನಮ್ಮ ಸೈಕಲ್ ಗುಂಪಿನವ್ರು ಹೇಳ್ಕೊಟ್ರು. ಎಲ್ರೂ ಹಾಗೇ ಹೇಳ್ತಾರಂತೆ."

"ಎಲ್ರೂನಾ?"

"ಬಹಳ ಜನ, ಪಾ."

ವಾಕಿದಿ ಗೋಡೆಗೆ ಒರಗಿಸಿದ್ದ ಫ್ರೇಮುಗಳ ಸಾಲನ್ನು ಒಮ್ಮೆ ನೋಡಿದರು. ಐದು ಇದ್ದವು. ಐದಕ್ಕೂ ಒಬ್ಬೊಬ್ಬ ತೀರಿಹೋದ ಅಪ್ಪ.

ಮುರ್ನಿ ಹತ್ತಿರ ಬಂದು ಹಳದಿ ಚುಕ್ಕೆಗಳನ್ನು ನೋಡಿದರು. ಏನೆಂದು ಗಂಡ ಹೇಳಬೇಕಾಗಲಿಲ್ಲ. ಅವರ ದನಿ ತಗ್ಗಿತು. "ಕೇಳಿ. ಇದರ ಮೇಲೇ ಹೊಸ ನಟ್ಟು ಬೆಸೆದು ಬಣ್ಣ ಹೊಡ್ದು ಕಳಿಸ್ಬಿಡಿ. ಆ ಮನುಷ್ಯನ ಮುಂದೆ ಒಯ್ದ್ರೆ ಏನಂತಾರೆ? ನೀನೇ ಮಾರಿದ್ದೆ, ಈಗ ಸಾಮಾನು ವಾಪಸ್ ಬಂದಿದೆ ಅಂತಾರೆ. ಇಷ್ಟು ದಿನ ಬರೀ ಮಾತಿತ್ತು. ನೀವೇ ಸಾಕ್ಷಿ ಹೊತ್ಕೊಂಡು ಹೋಗ್ತೀರಾ?"

ಅದು ನಿಜ. ಒಂದು ಗಂಟೆಯ ಕೆಲಸ, ಯಾರಿಗೂ ತಿಳಿಯುತ್ತಿರಲಿಲ್ಲ. ವಾಕಿದಿ ಟೀ ಮುಗಿಸಿದರು, ಫ್ರೇಮನ್ನು ಹೆಗಲಿಗೇರಿಸಿದರು, ವರ್ನಿಯರನ್ನು ಜೇಬಿಗೆ ಹಾಕಿಕೊಂಡರು. "ನೀನೂ ಬಾ" ಎಂದು ಬಾಸ್ಕೋರೋವಿಗೆ ಹೇಳಿದರು. "ದಾರೀಲಿ ಇನ್ಯಾರನ್ನೂ ಸಾಯಿಸ್ಬೇಡ."

ಸಾರ್ಜಿಮಾನ್ ಜಗಲಿಯಲ್ಲಿ ಪಂಜರದ ಹಕ್ಕಿಗೆ ಕಾಳು ಹಾಕುತ್ತಿದ್ದರು. ವಾಕಿದಿಯನ್ನು ಕಂಡು ಪಂಜರದ ಬಾಗಿಲು ಮುಚ್ಚಿದರು.

"ಏನು?"

"ನಿಮ್ಮ ಸೈಕಲ್ ಅಣ್ಣಾ. ಪೈಪು ನೋಡಿ."

"ನನ್ನದು ಹಸಿರು."

"ಮೂರು ಸಲ ಬಣ್ಣ ಬದಲಾಗಿದೆ."

ಸಾರ್ಜಿಮಾನ್ ಕನ್ನಡಕ ಹಾಕಿಕೊಂಡು ಬಗ್ಗಿದರು. ಬಿಳಿ ಬಳೆ ನೋಡಿ, "ಬೆಳ್ಳಿ ನಿನ್ನ ಅಂಗಡೀಲಿ ಇವತ್ತೂ ಇದೆ. ಬೆಳಿಗ್ಗೆ ಹಚ್ಚಿರ್ತೀಯ" ಎಂದರು.

ಬಾಸ್ಕೋರೋ ಫೋನ್ ತೆಗೆದು ಎರಡು ವರ್ಷದ ಹಿಂದಿನ ಚಿತ್ರ ತೋರಿಸಿದ: ಅದೇ ನೀಲಿ, ಪೈಪಿನ ಮೇಲೆ ಅದೇ ಗೀರು. ಮುದುಕ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿದರು. ಆಮೇಲೆ ಕೈ ಚಾಚಿದರು. "ಅಳತೆ ಕೊಡು. ನೀನು ಹೇಳ್ಬೇಡ. ನಾನೇ ನೋಡ್ತೀನಿ."

ವರ್ನಿಯರ್ ಓದಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅವತ್ತು ತಮ್ಮ ಬಾಗಿಲಲ್ಲಿ ಕೇಳಿದ್ದ ಅಂಕಿಯೇ ಬಂತು. ಹಿತ್ತಾಳೆಯ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿ ಅರದ ಒರಟು ಗೆರೆಗಳಿದ್ದವು. ಸುತ್ತ ಉಕ್ಕು ಸುಟ್ಟು ಕಪ್ಪಾಗಿತ್ತು.

"ಇದನ್ನ ತುಂಬಿದ ಕೈ ನಿಂದಲ್ಲ," ಎಂದರು ಕೊನೆಗೆ. "ನೀನು ಹೀಗೆ ಸುಡಲ್ಲ."

"ಅಲ್ಲ, ಅಣ್ಣಾ."

"ಮಾರೋನಾಗಿದ್ರೆ ತೂತು ಸರಿ ಮಾಡಿ ಮಾರ್ತಿದ್ದೆ."

"ಹೂಂ."

"ಮತ್ತೆ ಅವತ್ತೇ ಯಾಕೆ ಹೀಗೆ ಗಟ್ಟಿಯಾಗಿ ಹೇಳ್ಲಿಲ್ಲ?"

"ಕೆಲಸ ಕೆಟ್ಟಿತ್ತಲ್ಲ. ಆ ನಾಚಿಕೆಗೆ ಬಾಯಿ ಏಳ್ಲಿಲ್ಲ."

ಸಾರ್ಜಿಮಾನ್ ಒಳಗೆ ಕೂಗಿ ಮೂರು ಲೋಟ ಟೀ ತರಿಸಿದರು. ಕ್ಷಮೆ ಗಿಮೆ ಎಂಬ ಮಾತು ಬರಲಿಲ್ಲ. ಬಾಸ್ಕೋರೋವಿಗೆ, "ನನ್ನ ಮಂಡಿ ಇನ್ನು ಪೆಡಲ್ ತುಳಿಯಲ್ಲ. ನೀನೇ ಇಟ್ಕೋ. ಆದ್ರೆ ಬಾಟಲ್ ಹೋಲ್ಡರ್ ಹಾಕ್ಸೋವಾಗ ನಾನು ಅಲ್ಲಿರ್ಬೇಕು" ಎಂದರು.

ವಾಕಿದಿ ಲೋಟ ಕೆಳಗಿಟ್ಟರು. "ಮೊದಲ ಯಜಮಾನ್ರು ನೀವು. ನಿಮ್ಮಪ್ಪ ತೀರ್ಕೊಂಡಿದ್ದು?"

"ಶನಿವಾರ, ಪೊನ್." ಕಣ್ಣು ಮಿಟುಕಿಸುವ ಮೊದಲೇ ಉತ್ತರ ಬಂತು.

"ಹಾಗಾದ್ರೆ ಭಾನುವಾರ ಬನ್ನಿ. ಅವತ್ತು ಲೆಗಿ, ನಮ್ಮೂರ ಸಂತೆ ಕೂಡೋ ದಿನ."

ಭಾನುವಾರ ಸಂತೆಗೆ ಹೋಗುವ ಓಣಿಯ ಜನರೆಲ್ಲ ನೋಡಿದರು: ಸಾರ್ಜಿಮಾನ್ ವಾಕಿದಿಯವರ ಅಂಗಡಿಯ ಮುಂದೆ, ಗಿಡ್ಡ ಸ್ಟೂಲಿನ ಮೇಲೆ, ಕೈಯಲ್ಲಿ ತೆಂಪೆ ಹಿಡಿದು ಕೂತಿದ್ದರು. ಕೆಲವರು ಎರಡು ಸಲ ಹಾದುಹೋದರು. ವಾಕಿದಿ ಹಳೆಯ ಚುಕ್ಕೆಗಳಿಂದ ಒಂದು ಗೇಣು ಮೇಲೆ ಗುರುತು ಹಾಕಿದರು.

"ಎಷ್ಟು?" ಸಾರ್ಜಿಮಾನ್ ಕೇಳಿದರು.

"ಅರವತ್ನಾಲ್ಕು."

"ಮತ್ತೆ ಅಳಿ."

ವಾಕಿದಿ ಮತ್ತೆ ಅಳೆದರು. ಬಾಸ್ಕೋರೋ ಅಳೆದ. ಬಳಿಕ ಸಾರ್ಜಿಮಾನ್ ತಾವೇ ಎಣ್ಣೆಗೈಯನ್ನು ಲುಂಗಿಗೆ ಒರೆಸಿಕೊಂಡು ಬಂದು ಅಳೆದರು. "ಇವರಿಬ್ರಿಗೂ ಸರಿಯಾದ ಜೋಡಿ ಸಿಕ್ತು," ಎಂದು ಮುರ್ನಿ ಬಾಣಲೆಗೆ ಹೇಳಿದರು.

ನಟ್ಟು ಕೂತಿತು, ಬೆಳ್ಳಿ ಕರಗಿ ಸುತ್ತ ಹರಿಯಿತು, ತಣ್ಣಗಾದ ಮೇಲೆ ಹೋಲ್ಡರ್ ಎರಡು ತಿರುಪಿಗೆ ಸರಿಯಾಗಿ ಬಂತು. ಸಾರ್ಜಿಮಾನ್ ಅದನ್ನು ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಸಂತೆಚೀಲ ಹಿಡಿದು ನಿಂತಿದ್ದ ಓಣಿಯವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ವಾಕಿದಿಯನ್ನು ಕೇಳಿದರು, "ಅವತ್ತು ನಮ್ಮ ಬಾಗಿಲಿಗೆ ಬಂದು ಎಷ್ಟು ಅಂದಿದ್ದೆ, ಈಗ ಇವರ ಮುಂದೆ ಹೇಳು."

ವಾಕಿದಿ ಈ ಸಲ ತಲೆ ತಗ್ಗಿಸಲಿಲ್ಲ.

"ಅರವತ್ತೊಂದು."